ಆಸ್ಪತ್ರೆಯಿಂದ ಮನೆಗೆ ಕಳಿಸಿದ ಮೇಲೆ: ಕೊನೆಯ ದಿನಗಳು, ಸಾವು, ಆಮೇಲಿನ ದುಃಖ. ಹಳ್ಳಿ ಮನೆಯಲ್ಲಿ ಏನು ಹೇಳಬೇಕು, ಏನು ಮಾಡಬೇಕು?

ಕಾಲುವೆ ಸೀಮೆ (ಸಿಂಧನೂರು ತಾಲೂಕು)

ಎಲ್ಲರಿಗೂ ಶರಣು.

ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿಗಳಿಗೆ, ಆಶಾ ಅಕ್ಕಂದಿರಿಗೆ ಮತ್ತೆ ಮತ್ತೆ ಎದುರಾಗುವ ಸಂಗತಿ ಇದು. ಬಾಯಿ ಕ್ಯಾನ್ಸರ್, ಗರ್ಭಕೊರಳಿನ ಕ್ಯಾನ್ಸರ್, ಕಿಡ್ನಿ ಕೈಕೊಟ್ಟವರು, ಲಕ್ವ ಹೊಡೆದು ಮತ್ತೆ ಏಳದವರು. "ಇನ್ನ ಮಾಡೂದೇನಿಲ್ಲ, ಮನಿಗೆ ಕರಕೊಂಡು ಹೋಗ್ರಿ" ಎಂದು ಹೇಳಿಸಿಕೊಂಡು ಬಂದ ದಿನದಿಂದ ಮಣ್ಣಾಗುವ ದಿನದವರೆಗೆ ಆ ಮನೆಗೆ ಹೋಗಿ ಬರುವವರು ಇವರೇ. ಗಾಯ ಕಟ್ಟುವುದು, ಮೂತ್ರದ ನಳಿಕೆ ನೋಡುವುದು ತರಬೇತಿಯಲ್ಲಿ ಬರುತ್ತದೆ. ಮಾತಾಡುವ ಕೆಲಸ ಬರುವುದಿಲ್ಲ.

ಬಗೆಹರಿಯದ ಪ್ರಶ್ನೆಗಳು ಇವು. ಮನೆಯವರು ಬಾಗಿಲಲ್ಲೇ ತಡೆದು "ಅಪ್ಪಗ ಕ್ಯಾನ್ಸರ್ ಅಂತ ಹೇಳಬ್ಯಾಡ್ರಿ, ಎದಿ ಒಡಕೊಂತಾನ" ಅಂದಾಗ ಏನು ಮಾಡಬೇಕು? ಕೊನೆಯ ಎರಡು ಮೂರು ದಿನ ಎಲ್ಲರೂ "ಒಂದು ಸಲಾಯಿನ್ ಹಚ್ಚಿಸ್ರಿ" ಅಂತಾರೆ, ಬಾಯಿಗೆ ನೀರು ಬಿಡಲು ಊರೇ ಬರುತ್ತದೆ. ಯಾವುದು ಸರಿ? ತೀರಿಕೊಂಡ ಮೇಲೆ ದುಃಖಕ್ಕೆ ಐದು ಹಂತ ಎಂದು ಕಲಿಸಿರುತ್ತಾರೆ, ಆದರೆ ಯಾರ ಮನೆಯಲ್ಲೂ ಅದು ಆ ಸಾಲಿನಲ್ಲಿ ಬರುವುದಿಲ್ಲ. ಯಾವಾಗ ಸುಮ್ಮನಿರಬೇಕು, ಯಾವಾಗ ಡಾಕ್ಟರ ಹತ್ತಿರ ಕಳಿಸಬೇಕು? ಮಕ್ಕಳಿಗೆ ಏನು ಹೇಳಬೇಕು?

ಧೈರ್ಯ ಹೇಳಿ, ದೇವರ ಮೇಲೆ ಭಾರ ಹಾಕಿ ಎಂಬ ಉತ್ತರ ಬೇಡ. ನಾಳೆ ಬೆಳಗ್ಗೆ ಮನೆಗೆ ಹೋದಾಗ ಬಾಯಲ್ಲಿ ಬರಬೇಕಾದ ಮಾತು, ಕೈಯಲ್ಲಿ ಆಗಬೇಕಾದ ಕೆಲಸ ಬೇಕು.

ಹಾಸಿಗೆ ಪಕ್ಕ (ಬಳ್ಳಾರಿ, ಉಪಶಮನ ಆರೈಕೆಯ ನರ್ಸ್)

ಅಕ್ಕಾರ, ಮೊದಲ ಎರಡು ಪ್ರಶ್ನೆಗೆ ನಾನು ಬರೆಯುತ್ತೇನೆ. ಉಳಿದದ್ದನ್ನು ರಾಯಚೂರಿನವರು, ಕೊಪ್ಪಳದ ಮಾಸ್ತರು ಹೇಳಲಿ.

ಮುಚ್ಚಿಡುವ ವಿಷಯ. ಸಾಯುತ್ತಿರುವವರ ಸುತ್ತ ನಡೆಯುವ ಈ ನಾಟಕವನ್ನು ಗ್ಲೇಸರ್ ಮತ್ತು ಸ್ಟ್ರಾಸ್ ಎಂಬ ಸಮಾಜಶಾಸ್ತ್ರಜ್ಞರು 1965ರಲ್ಲೇ ನಾಲ್ಕು ಬಗೆಯಾಗಿ ಬಿಡಿಸಿಟ್ಟರು: ರೋಗಿಗೆ ಗೊತ್ತೇ ಇಲ್ಲ, ರೋಗಿಗೆ ಅನುಮಾನ ಬಂದಿದೆ, ಇಬ್ಬರಿಗೂ ಗೊತ್ತಿದೆ ಆದರೆ ಇಬ್ಬರೂ ಗೊತ್ತಿಲ್ಲದವರಂತೆ ನಟಿಸುತ್ತಾರೆ, ಎಲ್ಲವೂ ಬಯಲಾಗಿದೆ. ನಮ್ಮ ಮನೆಗಳು ಬಹುಪಾಲು ಮೂರನೆಯದರಲ್ಲಿ ಸಿಕ್ಕಿಕೊಂಡಿರುತ್ತವೆ. ಮೂರು ತಿಂಗಳಿಂದ ತೂಕ ಇಳಿದ, ಕರೆಂಟ್ (ವಿಕಿರಣ ಚಿಕಿತ್ಸೆ) ಕೊಡಿಸಿಕೊಂಡು ಬಂದ ಮನುಷ್ಯನಿಗೆ ತನ್ನ ಬ್ಯಾನಿ ಏನೆಂದು ಗೊತ್ತಿಲ್ಲ ಅನ್ನುವುದು ಅಪರೂಪ. ಅವನು ಹೆಂಡತಿ ಮಕ್ಕಳಿಗೆ ನೋವಾಗದಿರಲಿ ಎಂದು ಸುಮ್ಮನಿರುತ್ತಾನೆ, ಅವರು ಅವನಿಗಾಗಿ ಸುಮ್ಮನಿರುತ್ತಾರೆ. ಹೊಲದ ಪಟ್ಟೆ ಯಾರ ಹೆಸರಿಗೆ, ಸೊಸೈಟಿ ಸಾಲ ಎಷ್ಟಿದೆ, ಮಗಳ ಮದುವೆ ಮಾತು ಎಲ್ಲಿಗೆ ಬಂತು, ಇದೆಲ್ಲ ಅವನ ಜೊತೆಗೇ ಮಣ್ಣಿಗೆ ಹೋಗುತ್ತದೆ.

ಮನೆಯವರ ಜೊತೆ ವಾದ ಮಾಡಬೇಡಿ. ಮೊದಲು ಹೊರಗೆ ಕಟ್ಟೆಯ ಮೇಲೆ ಕೂತು ಅವರ ಭಯ ಕೇಳಿ: "ಹೇಳಿದ್ರ ಏನಾಗ್ತದ ಅಂತ ಅನಸ್ತದ ನಿಮಗ?" ಅವರು ಹೇಳಿ ಮುಗಿಸಲಿ. ಆಮೇಲೆ "ಇದನ್ನ ಮುಚ್ಚಿಟ್ಕೊಂಡು ತಿರುಗೂದು ನಿಮಗೆಷ್ಟು ಭಾರ ಆಗೇದ?" ಎಂದು ಕೇಳಿ. ಈ ಪ್ರಶ್ನೆಗೆ ಹೆಚ್ಚಿನವರು ಅಳುತ್ತಾರೆ, ಅಳಲಿ. ಆಮೇಲೆ ಒಂದು ಒಪ್ಪಂದ: "ನಾನಾಗೇ ಏನೂ ಹೇಳಂಗಿಲ್ಲ. ಅವ್ರಿಗೆ ಏನು ಗೊತ್ತದ ಅಂತ ಅಷ್ಟ ಕೇಳ್ತೀನಿ. ಅವರಾಗೇ ಕೇಳಿದ್ರ ಸುಳ್ಳು ಹೇಳಂಗಿಲ್ಲ." ಈ ಮೂರು ವಾಕ್ಯದಲ್ಲಿ ಒಂದು ಬಿಟ್ಟರೂ ಮನೆಯವರ ನಂಬಿಕೆ ಹೋಗುತ್ತದೆ, ಮರುದಿನ ಬಾಗಿಲು ತೆರೆಯುವುದಿಲ್ಲ.

ರೋಗಿಯ ಹತ್ತಿರ ನಿಂತು ಮಾತಾಡಬೇಡಿ, ಅವರ ಕಣ್ಣಿನ ಮಟ್ಟಕ್ಕೆ ಕುಳಿತುಕೊಳ್ಳಿ. "ಈ ಬ್ಯಾನಿ ಬಗ್ಗೆ ನಿಮಗ ಏನು ತಿಳದೈತಿ?" ಇದು ಮೊದಲು. "ಇನ್ನೂ ಎಷ್ಟು ತಿಳ್ಕೋಬೇಕು ಅನಸ್ತದ?" ಇದು ಎರಡನೆಯದು. "ಬ್ಯಾಡ, ಮಗನ ಜೋಡಿ ಮಾತಾಡ್ರಿ" ಅಂದರೆ ಅದೂ ಉತ್ತರವೇ, ಅಲ್ಲಿಗೆ ನಿಲ್ಲಿಸಿ. ತಿಳಿಯಬೇಕು ಅಂದರೆ ಒಂದೊಂದೇ ಸಣ್ಣ ವಾಕ್ಯ, ನಡುವೆ ಮೌನ. "ಎಷ್ಟು ದಿನ ಅದಾವ ನನಗ?" ಎಂದು ಕೇಳಿದರೆ ತಾರೀಖು ಹೇಳಬೇಡಿ. ಒಂದು ಅಂದಾಜಿನ ಅಳತೆ ಇದೆ: ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ಕೈಯಲ್ಲಿ ತಿಂಗಳುಗಳಿವೆ, ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ವಾರಗಳು, ನಿನ್ನೆಗೂ ಇವತ್ತಿಗೂ ಫರಕು ಕಾಣುತ್ತಿದ್ದರೆ ದಿನಗಳು. ಬೆಂಗಳೂರಿಗೆ ದುಡಿಯಲು ಹೋದ ಮಗನನ್ನು ಕರೆಸಬೇಕಾದದ್ದು ವಾರದ ಲೆಕ್ಕ ಶುರುವಾದಾಗ. ದಿನದ ಲೆಕ್ಕಕ್ಕೆ ಬಂದ ಮೇಲೆ ಫೋನ್ ಮಾಡಿದರೆ ಅವನು ಬರುವುದು ಮಣ್ಣಿಗೆ.

ನೋವು ಇಳಿಯದೆ ಯಾವ ಮಾತೂ ತಲೆಗೆ ಹೋಗುವುದಿಲ್ಲ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಆರೈಕೆ ಮನೆ ತೆರೆದ ಸಿಸಿಲಿ ಸಾಂಡರ್ಸ್ 'ಒಟ್ಟು ನೋವು' ಎಂಬ ಮಾತು ಕೊಟ್ಟರು. ಮೈಯ ನೋವು, ಮನಸ್ಸಿನದು, ಮನೆತನದ ಚಿಂತೆ, 'ಯಾಕೆ ನನಗೇ' ಎಂಬ ಪ್ರಶ್ನೆ, ಇವು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಮೊದಲು ಬಿಚ್ಚಬಹುದಾದ ಎಳೆ ಮೈಯ ನೋವು. ಬಾಯಿಂದ ಕೊಡುವ ಮಾರ್ಫಿನ್ ಗುಳಿಗೆ ಅದಕ್ಕೇ ಇರುವುದು. 2014ರಲ್ಲಿ ಮಾದಕ ವಸ್ತು ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಇದನ್ನು ಇಟ್ಟುಕೊಂಡು ಕೊಡುವುದು ಸುಲಭವಾಗಿದೆ. ಪ್ರಮಾಣ ನಿಗದಿ ಮಾಡುವವರು ಡಾಕ್ಟರು. ಸಾಮಾನ್ಯವಾಗಿ 5 ಮಿಲಿಗ್ರಾಂ, ವಯಸ್ಸಾದವರಿಗೆ 2.5ರಿಂದ, ನಾಲ್ಕು ತಾಸಿಗೊಮ್ಮೆ. ಬೆಳಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ರಾತ್ರಿ ಹತ್ತರದ್ದು ಎರಡರಷ್ಟು ಕೊಡುವುದು ವಾಡಿಕೆ, ನಡುರಾತ್ರಿ ಎಬ್ಬಿಸುವುದು ತಪ್ಪುತ್ತದೆ. ಕಿಡ್ನಿ ಕೆಟ್ಟವರಿಗೆ ಇದೇ ಲೆಕ್ಕ ನಡೆಯುವುದಿಲ್ಲ, ಡಾಕ್ಟರಿಗೆ ಮೊದಲೇ ಹೇಳಿಬಿಡಿ.

ಎಡವುವುದು ಮೂರು ಕಡೆ. ನೋವು ಬಂದಾಗ ಮಾತ್ರ ಕೊಡುತ್ತಾರೆ, ಹೊತ್ತಿಗೆ ಸರಿಯಾಗಿ ಕೊಡುವುದಿಲ್ಲ. ಮೊದಲ ಎರಡು ಮೂರು ದಿನ ರೋಗಿ ಬಹಳ ಮಲಗಿದರೆ ಹೆದರಿ ನಿಲ್ಲಿಸಿಬಿಡುತ್ತಾರೆ. ವಾರಗಟ್ಟಲೆ ಬಾಕಿ ಉಳಿದ ನಿದ್ದೆ ಕೂಡ ಅದರಲ್ಲಿರುತ್ತದೆ. ಎಬ್ಬಿಸಿದರೆ ಎದ್ದು ಮಾತಾಡುತ್ತಾರಾ ನೋಡಿ. ಎಬ್ಬಿಸಿದರೂ ಏಳದಿದ್ದರೆ, ಉಸಿರು ಬಹಳ ನಿಧಾನವಾದರೆ ಮುಂದಿನ ಗುಳಿಗೆ ತಡೆದು ಡಾಕ್ಟರಿಗೆ ಫೋನ್ ಮಾಡಿ. ಮೂರನೆಯದು ಮಲಬದ್ಧತೆ. ವಾಕರಿಕೆ ವಾರದಲ್ಲಿ ಹೋಗುತ್ತದೆ, ಮಲಬದ್ಧತೆ ಎಂದೂ ಹೋಗುವುದಿಲ್ಲ. ಹಾಗಾಗಿ ಮೊದಲ ದಿನದಿಂದಲೇ ರಾತ್ರಿಗೆ ಮಲ ಸಡಿಲಿಸುವ ಬೈಸಾಕೊಡಿಲ್ ಗುಳಿಗೆ ಬರೆಸಿಕೊಳ್ಳಿ.

ಬಾಯಿ ಕ್ಯಾನ್ಸರಿನ ಗಾಯದ ವಾಸನೆಯನ್ನು ಸಣ್ಣದೆಂದು ಬಿಡಬೇಡಿ. ವಾಸನೆ ಬಂದ ದಿನದಿಂದ ನೆರೆಯವರು ಹೊಸ್ತಿಲು ದಾಟುವುದಿಲ್ಲ, ಮೊಮ್ಮಕ್ಕಳನ್ನು ಹತ್ತಿರ ಬಿಡುವುದಿಲ್ಲ, ಉಸಿರಿರುವಾಗಲೇ ಆ ಜೀವವನ್ನು ಮನೆ ಹೊರಗಿಟ್ಟಂತಾಗುತ್ತದೆ. ಅರ್ಧ ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಚಹಾ ಚಮಚ ಉಪ್ಪು ಹಾಕಿ ಗಾಯ ತೊಳೆದು, ಮೆಟ್ರೊನಿಡಜೋಲ್ ಗುಳಿಗೆಯನ್ನು ನುಣ್ಣಗೆ ಪುಡಿ ಮಾಡಿ ಉದುರಿಸಿ, ದಿನಕ್ಕೊಮ್ಮೆ ಬಟ್ಟೆ ಬದಲಿಸಿದರೆ ಕೆಲವು ದಿನದಲ್ಲಿ ವಾಸನೆ ಇಳಿಯುತ್ತದೆ, ಜನ ಮತ್ತೆ ಬಂದು ಕೂಡುತ್ತಾರೆ.

ಇನ್ನು ಕೊನೆಯ ಎರಡು ಮೂರು ದಿನ. ದಿನವಿಡೀ ನಿದ್ದೆ, ನುಂಗಲು ಆಗದು, ಮೂತ್ರ ಕಡಿಮೆಯಾಗಿ ಕಪ್ಪಾಗುವುದು, ಅಂಗೈ ಅಂಗಾಲು ತಣ್ಣಗೆ, ಮೊಣಕಾಲ ಮೇಲೆ ನೀಲಿ ಕಲೆ. ಉಸಿರು ಜೋರಾಗುತ್ತದೆ, ಇಳಿಯುತ್ತದೆ, ನಿಲ್ಲುತ್ತದೆ, ಅರ್ಧ ನಿಮಿಷ ಬಿಟ್ಟು ಮತ್ತೆ ಶುರುವಾಗುತ್ತದೆ. ಇದನ್ನು ಮೊದಲೇ ಹೇಳಿಡಿ. ಹೇಳದಿದ್ದರೆ ರಾತ್ರಿ ಎರಡಕ್ಕೆ ಅಂಬುಲೆನ್ಸ್ ಕರೆಸಿ, ದಾರಿಯಲ್ಲೇ ಜೀವ ಹೋಗುತ್ತದೆ. ಗಂಟಲಲ್ಲಿ ಗೊರಗೊರ ಸದ್ದು ಬಂದರೆ ಮಗ್ಗುಲಿಗೆ ಹೊರಳಿಸಿ, ತಲೆ ಸ್ವಲ್ಪ ಎತ್ತರಿಸಿ. ಆಳಕ್ಕೆ ನಳಿಕೆ ಹಾಕಿ ಎಳೆಯಬೇಡಿ. ಬೇಕಾದರೆ ಆ ಸ್ರಾವ ಕಡಿಮೆ ಮಾಡುವ ಹಯೋಸಿನ್ ಇಂಜೆಕ್ಷನ್ ಡಾಕ್ಟರು ಬರೆಯುತ್ತಾರೆ. ಆ ಸದ್ದು ಕೇಳುವವರಿಗೆ ಕಷ್ಟ, ಪ್ರಜ್ಞೆ ಇಳಿದ ರೋಗಿಗೆ ಅಷ್ಟಿಲ್ಲ ಎಂಬುದನ್ನು ಮನೆಯವರಿಗೆ ಬಿಡಿಸಿ ಹೇಳಿ. ಚಡಪಡಿಸಿ ಹೊದಿಕೆ ಕಿತ್ತೆಸೆಯುತ್ತಿದ್ದರೆ "ಯಮ ಕಾಣಾಕತ್ಯಾನ" ಅನ್ನುತ್ತಾರೆ. ನೀವು ಮೊದಲು ಕೆಳಹೊಟ್ಟೆ ಮುಟ್ಟಿ ನೋಡಿ, ಮೂತ್ರ ಕಟ್ಟಿರಬಹುದು, ಇಲ್ಲವೇ ಮಲ ಕಟ್ಟಿರಬಹುದು. ಎಷ್ಟೋ ಸಲ ನಳಿಕೆ ಹಾಕಿದ ಹತ್ತು ನಿಮಿಷಕ್ಕೆ ಜೀವ ಶಾಂತವಾಗುತ್ತದೆ.

ಸಲಾಯಿನ್: ಸಾಯುವ ದೇಹದ ಹೃದಯ, ಕಿಡ್ನಿ ಆ ನೀರನ್ನು ಹೊರಹಾಕಲಾರವು. ಅದು ಕಾಲಿಗೆ ಬಾವಾಗಿ, ಎದೆಗೆ ಕಫವಾಗಿ, ಗಂಟಲಿಗೆ ಗೊರಗೊರ ಆಗಿ ಬರುತ್ತದೆ. ಊಟ ಬಿಟ್ಟದ್ದರಿಂದ ಸಾಯುತ್ತಿಲ್ಲ, ಸಾಯುತ್ತಿರುವುದರಿಂದ ಊಟ ಬಿಟ್ಟಿದ್ದಾರೆ. ಇದನ್ನು ಹೆಂಡತಿಗೆ ಬೇರೆಯಾಗಿ ಕೂಡಿಸಿ ಹೇಳಬೇಕು. ಇಲ್ಲದಿದ್ದರೆ 'ಉಪವಾಸ ಕೆಡವಿ ಕೊಂದೆ' ಎಂಬ ಕೊರಗು ಆಕೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಬಾಯಿಗೆ ನೀರು ಬಿಡುವುದನ್ನು ತಡೆಯಬೇಡಿ, ತಡೆಯಲೂ ಆಗದು. ಪಾದೋದಕವಿರಲಿ, ತುಳಸಿ ನೀರಿರಲಿ, ಝಮ್‌ಝಮ್ ಇರಲಿ, ಅದು ಕೊಡುವವರ ಕೊನೆಯ ಸೇವೆ. ಆದರೆ ಲೆಕ್ಕ ಹಾಕಿ: ಒಂದು ಚಮಚಕ್ಕೆ 5 ಮಿಲಿ, ಹದಿನೈದು ಜನ ಬಂದರೆ 75 ಮಿಲಿ. ನುಂಗಲಾರದ ಬಾಯಿಯಿಂದ ಅದು ಇಳಿಯುವುದು ಶ್ವಾಸನಾಳಕ್ಕೆ. ಹಾಗಾಗಿ ಚಮಚ ತೆಗೆದಿಡಿ. ಬಟ್ಟಲಲ್ಲಿ ನೀರು, ಪಕ್ಕಕ್ಕೆ ಸಣ್ಣ ಸಣ್ಣ ಅರಳೆ ಉಂಡೆ. ಒಬ್ಬೊಬ್ಬರೂ ಅರಳೆ ಅದ್ದಿ, ಹಿಂಡಿ, ತುಟಿ ಒರೆಸಲಿ. ತಲೆ ಒಂದು ಮಗ್ಗುಲಿಗಿರಲಿ. ಉಳಿದ ಹೊತ್ತಿನಲ್ಲಿ ಎರಡು ತಾಸಿಗೊಮ್ಮೆ ಒದ್ದೆ ಬಟ್ಟೆಯಿಂದ ಬಾಯಿ ಒರೆಸಿ, ತುಟಿಗೆ ಕೊಬ್ಬರಿ ಎಣ್ಣೆ ಹಚ್ಚಿ. ಪ್ರಜ್ಞೆ ಇಲ್ಲದಿದ್ದರೂ ಕಿವಿ ಕೇಳುತ್ತಿರಬಹುದು, ಹಾಸಿಗೆ ಪಕ್ಕ ಆಸ್ತಿ ಜಗಳ ಬೇಡ.

ಇನ್ನೊಂದು ಮಾತು. ದೊಡ್ಡ ಆಸ್ಪತ್ರೆಯಿಂದ ಕರೆತರುವಾಗ 'ವೈದ್ಯರ ಸಲಹೆಗೆ ವಿರುದ್ಧವಾಗಿ' ಎಂದು ಸಹಿ ಹಾಕಿ ಬಂದರೆ ಎಷ್ಟೋ ಸಲ ಕೈಯಲ್ಲಿ ಬಿಡುಗಡೆ ಚೀಟಿಯೂ ಇರುವುದಿಲ್ಲ, ನೋವಿನ ಮಾತ್ರೆಯೂ ಇರುವುದಿಲ್ಲ. ಸಹಿಗೆ ಮುಂಚೆ "ಮನೆಯಲ್ಲಿ ಕೊನೆಯ ಆರೈಕೆ ಮಾಡ್ತೀವಿ, ಚೀಟಿ ಮತ್ತು ಔಷಧಿ ಬರೆದುಕೊಡಿ" ಎಂದು ಕೇಳುವಂತೆ ಮೊದಲೇ ಹೇಳಿಕೊಡಿ. ಬುದ್ಧಿ ಸ್ವಾಧೀನದಲ್ಲಿರುವವರು ಮುಂದೆ ವೆಂಟಿಲೇಟರ್ ಬೇಡ ಎಂದು ಈಗಲೇ ಬರೆದಿಡಬಹುದು. 2018ರ ಸುಪ್ರೀಂ ಕೋರ್ಟ್ ತೀರ್ಪು ಒಪ್ಪಿದೆ, 2023ರಲ್ಲಿ ವಿಧಾನ ಸರಳವಾಯಿತು: ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು.

ಮನೋಸಮಾಜ (ರಾಯಚೂರು, ಮನೋವೈದ್ಯಕೀಯ ಸಮಾಜಕಾರ್ಯ)

ಐದು ಹಂತದ ಮಾತಿನಿಂದ ಶುರು ಮಾಡುತ್ತೇನೆ, ಏಕೆಂದರೆ ಅದರಿಂದ ಆಗಿರುವ ಹಾನಿ ದೊಡ್ಡದು. ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಬರೆದದ್ದು ಶಿಕಾಗೋದ ಆಸ್ಪತ್ರೆಯಲ್ಲಿ *ಸಾಯುತ್ತಿದ್ದವರ* ಜೊತೆ ಮಾತಾಡಿ. ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ, ಇವು ತಮ್ಮ ಸಾವಿನ ಸುದ್ದಿ ಕೇಳಿದವರಲ್ಲಿ ಅವರು ಕಂಡದ್ದು. ಅದನ್ನು ಎತ್ತಿ ಹಿಂದೆ ಉಳಿದವರ ಮೇಲೆ ಹೊರಿಸಲಾಯಿತು. ಈಗ ಸಿಟ್ಟು ಬರದವಳಿಗೆ 'ನಿನಗಿನ್ನೂ ದುಃಖವೇ ಬಂದಿಲ್ಲ' ಅನ್ನುವುದು, ಆರು ತಿಂಗಳಿಗೆ ಮತ್ತೆ ಅತ್ತವಳಿಗೆ 'ಹಿಂದಕ್ಕೆ ಹೋದಿ' ಅನ್ನುವುದು ನಡೆದಿದೆ. ಏಣಿಯ ಚಿತ್ರ ಬಿಡಿ.

ಕೆಲಸಕ್ಕೆ ಬರುವ ಚಿತ್ರ ಸ್ಟ್ರೋಬ ಮತ್ತು ಶುಟ್ ಎಂಬುವರು 1999ರಲ್ಲಿ ಕೊಟ್ಟದ್ದು. ದುಃಖದಲ್ಲಿರುವವರು ಎರಡು ದಡದ ನಡುವೆ ಹೋಗಿ ಬರುತ್ತಾರೆ. ಒಂದು ದಡದಲ್ಲಿ ಹೋದವರ ನೆನಪು, ಅಳು, ಹಂಬಲ. ಇನ್ನೊಂದರಲ್ಲಿ ರೇಷನ್ ಕಾರ್ಡು, ಭತ್ತದ ಸಸಿ, ಎಮ್ಮೆ ಹಾಲು, ಮಕ್ಕಳ ಫೀಸು. ಬೆಳಗ್ಗೆ ಅತ್ತವಳು ಮಧ್ಯಾಹ್ನ ಕಳೆ ತೆಗೆಯಲು ಹೋಗಿ ಅಲ್ಲಿ ನಕ್ಕರೆ ಅದು ಕಲ್ಲು ಮನಸ್ಸಲ್ಲ, ಆರೋಗ್ಯ. ತೊಂದರೆ ಇರುವುದು ಒಂದೇ ದಡದಲ್ಲಿ ಸಿಕ್ಕಿಬಿದ್ದವರಿಗೆ: ಮೂಲೆ ಬಿಟ್ಟು ಏಳದ ಹೆಣ್ಣುಮಗಳು ಒಂದು ಕಡೆ, ಮಣ್ಣು ಮಾಡಿದ ಮರುದಿನದಿಂದ ಟ್ರ್ಯಾಕ್ಟರ್ ಇಳಿಯದ, ಹೆಂಡತಿಯ ಹೆಸರೂ ಎತ್ತದ ಗಂಡಸು ಇನ್ನೊಂದು ಕಡೆ. ನಾವು ಮೊದಲನೆಯವಳನ್ನು ಮಾತ್ರ ನೋಡುತ್ತೇವೆ. ಗಂಡಸನ್ನು 'ಗಟ್ಟಿ ಅದಾನ' ಎಂದು ಬಿಡುತ್ತೇವೆ, ಅವನು ಸಂಜೆಗೆ ಕುಡಿಯಲು ಶುರು ಮಾಡಿರುತ್ತಾನೆ. ಕಾಲಿನ್ ಮರೆ ಪಾರ್ಕ್ಸ್ ಬಳಗ 4,486 ವಿಧುರರನ್ನು ಗಮನಿಸಿ 1969ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಂಡತಿ ಸತ್ತ ಮೊದಲ ಆರು ತಿಂಗಳಲ್ಲಿ ಅವರ ಸಾವು ನಿರೀಕ್ಷೆಗಿಂತ ನೂರಕ್ಕೆ 40ರಷ್ಟು ಹೆಚ್ಚಿತ್ತು, ಅದರಲ್ಲಿ ಹೃದಯದ ಕಾರಣ ದೊಡ್ಡದು. ಆದ್ದರಿಂದ ಮೊದಲ ತಿಂಗಳ ಭೇಟಿಯಲ್ಲಿ ವಯಸ್ಸಾದ ಗಂಡಸಿನ ಬಿಪಿ ನೋಡಿ, ಬಿಪಿ ಸಕ್ಕರೆ ಗುಳಿಗೆ ನಡೆದಿದೆಯಾ ಕೇಳಿ. ಆ ಡಬ್ಬಿ ಎಲ್ಲಿದೆ ಅಂತ ಗೊತ್ತಿದ್ದವಳು ಹೆಂಡತಿಯೇ ಆಗಿರುತ್ತಾಳೆ.

ಸಹಜವಾಗಿ ಏನೇನು ಬರುತ್ತದೆ ಎಂದರೆ: ಗಂಟಲು ಕಟ್ಟುವುದು, ನಿಟ್ಟುಸಿರು, ನಿದ್ದೆಗೇಡು, ಅಲೆಅಲೆಯಾಗಿ ಬಂದು ಇಳಿದು ಹೋಗುವ ಸಂಕಟ, ಹೋದವರ ದನಿ ಕೇಳಿಸುವುದು, ಬಾಗಿಲಲ್ಲಿ ನಿಂತಂತೆ ಕಾಣುವುದು. ಈ ಕೊನೆಯದು ಮುಖ್ಯ. 1971ರಲ್ಲಿ ರೀಸ್ ಎಂಬ ವೈದ್ಯರು ವೇಲ್ಸಿನ 293 ವಿಧವೆ-ವಿಧುರರನ್ನು ಕೇಳಿದಾಗ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಇಂಥದ್ದು ಆಗಿತ್ತು, ಬಹುಪಾಲು ಮಂದಿ ಯಾರಿಗೂ ಹೇಳಿರಲಿಲ್ಲ. ನಮ್ಮಲ್ಲಿ ಹೇಳಿದರೆ 'ಗಾಳಿ ಆಗೇದ' ಎಂದು ಅಮಾವಾಸ್ಯೆಗೆ ಎಳೆದುಕೊಂಡು ಹೋಗುತ್ತಾರೆ. "ದನಿ ಕೇಳಸ್ತದೇನ್ರಿ? ಕೇಳಿದ್ರ ಹೆದರಬ್ಯಾಡ್ರಿ, ಭಾಳ ಮಂದಿಗೆ ಹಂಗ ಆಗ್ತದ" ಎಂದು ನೀವೇ ಮೊದಲು ಅಂದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಹಾಡಿಕೊಂಡು ಅಳುವ ಹೆಣ್ಣುಮಕ್ಕಳನ್ನು ಸುಮ್ಮನಿರಿಸಬೇಡಿ. ಹೋದವರ ಗುಣ ಎತ್ತಿ ಎತ್ತಿ ಅಳುವ ಆ ಅಳುವಿನಲ್ಲಿ ಹೆಸರಿದೆ, ನೆನಪಿದೆ, ಜೊತೆಗೆ ದನಿಗೂಡಿಸುವವರಿದ್ದಾರೆ. ಅವರಿಗೆ 'ನಿದ್ದಿ ಇಂಜೆಕ್ಷನ್' ಕೊಡಿಸುವುದು, ಆಲ್ಪ್ರಾಜೋಲಾಮ್ ಗುಳಿಗೆ ತಂದು ನುಂಗಿಸುವುದು ಬೇಡ. ಅದರಿಂದ ದುಃಖ ಬೇಗ ಕಳೆಯುವುದಿಲ್ಲ, ಮಣ್ಣಿನ ದಿನವೇ ಆಕೆಯ ನೆನಪಿನಿಂದ ಅಳಿಸಿಹೋಗುತ್ತದೆ, ಗುಳಿಗೆಯ ಚಟ ಉಳಿಯುತ್ತದೆ. ಅದೇ ಹೊತ್ತಿಗೆ, ಬಳೆ ಒಡೆಸುವುದು, ಕುಂಕುಮ ಅಳಿಸುವುದನ್ನು ಆಕೆಗೆ ಬೇಡವಾದರೆ ತಡೆಯುವ ಒಬ್ಬ ಹಿರಿಯ ಹೆಣ್ಣುಮಗಳನ್ನು ಮನೆಯಲ್ಲೇ ಹುಡುಕಿಡಿ. ಹೊರಗಿನವರು ಹೇಳಿದರೆ ಹಟ ಬೆಳೆಯುತ್ತದೆ, ಅತ್ತೆಯೋ ನಾದಿನಿಯೋ ಹೇಳಿದರೆ ನಡೆಯುತ್ತದೆ.

ದಿನ ಮುಗಿದು ನೆಂಟರು ಹೋದ ಮೇಲೆಯೇ ನಿಮ್ಮ ಕೆಲಸ. ಹನ್ನೊಂದನೇ ದಿನದವರೆಗೆ ಮನೆ ತುಂಬಿರುತ್ತದೆ, ಹನ್ನೆರಡನೇ ದಿನ ಒಲೆ ಮುಂದೆ ಒಬ್ಬಳೇ. ಮುಸ್ಲಿಂ ಮನೆಗಳಲ್ಲಿ ಸಾವಿನ ನಂತರದ ಜಿಯಾರತ್ ವಿಧಿ ಮುಗಿದರೂ, ಗಂಡ ಸತ್ತವಳು ಮನೆಯೊಳಗೇ ಇರುವ ಇದ್ದತ್ ನಾಲ್ಕು ತಿಂಗಳು ಹತ್ತು ದಿನ ಇರುತ್ತದೆ. ಆಕೆ ಹೊರಗೆ ಬರುವುದಿಲ್ಲ, ನೀವೇ ಒಳಗೆ ಹೋಗಬೇಕು. ನನ್ನ ಲೆಕ್ಕದಲ್ಲಿ ಎರಡನೇ ವಾರ, ಆರನೇ ವಾರ, ಆರನೇ ತಿಂಗಳು, ವರ್ಷದ ದಿನ, ಈ ನಾಲ್ಕು ಭೇಟಿ ಬಿಡಬಾರದು. ಎರಡನೇ ವಾರದ ಭೇಟಿಯಲ್ಲಿ ಕಾಗದದ ಕೆಲಸವೂ ಆಗಲಿ: ಮರಣ ನೋಂದಣಿ 21 ದಿನದೊಳಗೆ ಉಚಿತ. ದುಡಿಯುವವರು 18ರಿಂದ 59ರ ವಯಸ್ಸಿನಲ್ಲಿ ತೀರಿಕೊಂಡ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ 20,000 ರೂಪಾಯಿ ಇದೆ. ವಿಧವಾ ವೇತನದ ಅರ್ಜಿಯನ್ನೂ ಆಗಲೇ ಹಾಕಿಸಿ. ಇದು ದುಃಖದ ಕೆಲಸ ಅಲ್ಲ ಅನ್ನಬೇಡಿ, ಎರಡನೇ ದಡ ಅಂದದ್ದು ಇದನ್ನೇ.

ಯಾವಾಗ ಕಳಿಸಬೇಕು? ದುಃಖ ನೆನಪಿನ ಜೊತೆ ಬಂದು ಹೋಗುತ್ತದೆ, ನಡುವೆ ನಗುವೂ ಇರುತ್ತದೆ, 'ಅವರಿಲ್ಲ' ಎಂಬುದೇ ನೋವು. ಖಿನ್ನತೆ ಬಂದರೆ ದಿನವಿಡೀ ಕವಿದಿರುತ್ತದೆ, 'ನಾನು ಯಾತಕ್ಕೂ ಬಾರದವಳು' ಎಂಬ ಮಾತು ಬರುತ್ತದೆ. ಇದು ಕಂಡರೆ ಆರು ತಿಂಗಳು ಕಾಯಬೇಡಿ, ಎರಡು ವಾರ ಹಾಗೇ ಇದ್ದರೆ ಕಳಿಸಿ. ಮೂರನೆಯದು ದೀರ್ಘಕಾಲದ ದುಃಖದ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಹನ್ನೊಂದನೇ ಪಟ್ಟಿಯಲ್ಲಿ ಇದಕ್ಕೆ ಕನಿಷ್ಠ ಆರು ತಿಂಗಳ ಗಡಿ, ಅಮೆರಿಕದ ಮನೋವೈದ್ಯರ 2022ರ ಕೈಪಿಡಿಯಲ್ಲಿ ದೊಡ್ಡವರಿಗೆ ಹನ್ನೆರಡು ತಿಂಗಳು. ಹಂಬಲ ದಿನವೂ ಮೊದಲ ವಾರದಷ್ಟೇ ತೀವ್ರ, ಸಾವನ್ನು ನಂಬಲೇ ಆಗದಿರುವುದು, 'ನನ್ನದೂ ಒಂದು ತುಂಡು ಹೋಯಿತು' ಎಂಬ ಭಾವ, ನೆನಪಿಸುವ ಜಾಗಕ್ಕೆ ಕಾಲಿಡದಿರುವುದು, ಯಾವ ಕೆಲಸಕ್ಕೂ ಮರಳದಿರುವುದು. ಕಾಯಿಲೆಯಿಂದ ಸತ್ತವರ ಮನೆಗಳಲ್ಲಿ ಇದು ನೂರಕ್ಕೆ ಹತ್ತರ ಆಸುಪಾಸು ಜನರಿಗೆ ಬರುತ್ತದೆ. ಆತ್ಮಹತ್ಯೆ, ಅಪಘಾತ, ಕೊಲೆ ಆದಲ್ಲಿ ಬಹಳ ಹೆಚ್ಚು. ಇದಕ್ಕೆ ಮಾತಿನ ಚಿಕಿತ್ಸೆಯೇ ಮುಖ್ಯ. ಕ್ಯಾಥರೀನ್ ಶಿಯರ್ ಬಳಗ ರೂಪಿಸಿದ್ದು 16 ಕೂಟದ್ದು. ಖಿನ್ನತೆಗೆ ಕೊಡುವ ಸಿಟಾಲೊಪ್ರಾಮ್ ಗುಳಿಗೆಯನ್ನು ಈ ಮಾತಿನ ಚಿಕಿತ್ಸೆಯ ಜೊತೆ ಕೊಟ್ಟಾಗ ಅದು ಜೊತೆಗಿರುವ ಖಿನ್ನತೆಯನ್ನು ಇಳಿಸಿತು, ದುಃಖವನ್ನು ಇಳಿಸಲಿಲ್ಲ ಎಂದು ಅವರದೇ 2016ರ ಅಧ್ಯಯನ ಕಂಡಿತು.

ಸಾಯುವ ಮಾತು ಬಂದರೆ ನೇರವಾಗಿ ಕೇಳಿ. "ಅವ್ರ ಹಂತೇಕ ಹೋಗಬೇಕು ಅನಸ್ತದೇನು? ನಿಮ್ಮ ಜೀವ ನೀವ ತಕ್ಕೋಬೇಕು ಅಂತ ಅನಸೇದೇನು?" ಕೇಳಿದ್ದರಿಂದ ಯಾರೂ ಸಾಯುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಮತ್ತು ಭತ್ತ ಹತ್ತಿಗೆ ತಂದಿಟ್ಟ ಎಣ್ಣೆ (ಕೀಟನಾಶಕ) ಡಬ್ಬಿಗಳನ್ನು ಅವತ್ತೇ ಬೇರೆ ಮನೆಗೆ ಸಾಗಿಸಿ. ಮುಚ್ಚಿಡುವುದು ಸಾಲದು, ಆ ಮನೆಯಲ್ಲೇ ಇರಬಾರದು. 14416 ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಹಗಲು ರಾತ್ರಿ ಕನ್ನಡದಲ್ಲಿ ಸಿಗುತ್ತದೆ, ಉಚಿತ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ರಾಯಚೂರು, ಬಳ್ಳಾರಿ, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. 'ಇದು ದೊಡ್ಡ ಡಾಕ್ಟರ ಕೆಲಸ, ನಮ್ಮದಲ್ಲ' ಎಂಬ ಹಿಂಜರಿಕೆ ಬೇಡ. ಹಳ್ಳಿಯ ಆರೋಗ್ಯ ಕಾರ್ಯಕರ್ತರೇ ಮಾನಸಿಕ ಆರೋಗ್ಯದ ಕೆಲಸ ಮಾಡಬಲ್ಲರು ಎಂದು 1980ರ ದಶಕದಲ್ಲಿ ನಿಮ್ಹಾನ್ಸ್ ಮಾಡಿ ತೋರಿಸಿದ್ದು ಬಳ್ಳಾರಿ ಜಿಲ್ಲೆಯಲ್ಲೇ. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದೇಶವೇ ಆ ಮಾದರಿ ಹಿಡಿಯಿತು.

ಗಿಣಿಗೇರಾ ಮಾಸ್ತರ (ಕೊಪ್ಪಳ)

ಮಕ್ಕಳ ವಿಷಯ ಚುಟುಕಾಗಿ. 'ಮಲಗ್ಯಾರ' ಎಂದು ಹೇಳಿದ ಮಗು ರಾತ್ರಿ ನಿದ್ದೆಗೆ ಹೆದರುತ್ತದೆ. 'ಊರಿಗೆ ಹೋಗ್ಯಾರ' ಎಂದು ಹೇಳಿದ ಮಗು ಬಸ್ ನಿಂತಾಗಲೆಲ್ಲ ಬಾಗಿಲಿಗೆ ಓಡುತ್ತದೆ. 'ದೇವರಿಗೆ ಭಾಳ ಪ್ರೀತಿ, ಕರಕೊಂಡ' ಎಂದರೆ ದೇವರೆಂದರೇ ಅಂಜುತ್ತದೆ. "ಅಪ್ಪ ಸತ್ತಾನ. ಸತ್ತರ ಉಸಿರಾಡಂಗಿಲ್ಲ, ಹಸಿವಾಗಂಗಿಲ್ಲ, ನೋವಾಗಂಗಿಲ್ಲ, ತಿರುಗಿ ಬರಾಕ ಆಗಂಗಿಲ್ಲ." ಇಷ್ಟು. ಐದರಿಂದ ಏಳು ವರ್ಷದ ಹೊತ್ತಿಗೆ ಸಾವು ತಿರುಗಿ ಬಾರದ್ದು ಎಂಬ ತಿಳಿವಳಿಕೆ ಹೆಚ್ಚಿನ ಮಕ್ಕಳಿಗೆ ಬರುತ್ತದೆ. ಅದಕ್ಕೂ ಚಿಕ್ಕವರು ನಾಳೆ ಮತ್ತೆ ಅದನ್ನೇ ಕೇಳುತ್ತಾರೆ, ಮತ್ತೆ ಅದೇ ಮಾತಿನಲ್ಲಿ ಹೇಳಬೇಕು.

ಬಾಯಿ ಬಿಟ್ಟು ಕೇಳದಿದ್ದರೂ ಮಗುವಿನೊಳಗೆ ಮೂರು ಪ್ರಶ್ನೆ ಇರುತ್ತವೆ: ನನ್ನಿಂದ ಆಯಿತೇ? ಅವ್ವನೂ ಸಾಯುತ್ತಾಳೆಯೇ? ನನ್ನನ್ನು ಯಾರು ನೋಡಿಕೊಳ್ಳುತ್ತಾರೆ? ಮೂರಕ್ಕೂ ನೀವಾಗಿಯೇ ಉತ್ತರ ಹೇಳಿಬಿಡಿ. ಮೂರನೆಯದಕ್ಕೆ ಹೆಸರು ಹಿಡಿದು ಹೇಳಿ, "ಚಿಗವ್ವ ಬುತ್ತಿ ಕಟ್ಟತಾಳ, ಕಾಕಾ ಸಾಲಿಗೆ ಬಿಡತಾನ" ಎಂದು. ಮಕ್ಕಳು ಹತ್ತು ನಿಮಿಷ ಅತ್ತು ಗೋಲಿ ಆಡಲು ಓಡುತ್ತಾರೆ, ಅದು ಅವರ ದುಃಖದ ರೀತಿ.

ಮಣ್ಣಿಗೆ ಕರೆದೊಯ್ಯಬೇಕೇ ಎಂದರೆ, ಅಲ್ಲಿ ಏನೇನು ಕಾಣುತ್ತದೆ ಎಂದು ಮೊದಲೇ ಹೇಳಿ, ಮಗುವಿಗೆ ಬೇಕೆನಿಸಿದರೆ ಕರೆದೊಯ್ಯಿರಿ. ಜೊತೆಗೆ ಆ ಮಗುವಿನ ಕೈ ಹಿಡಿಯುವುದೊಂದೇ ಕೆಲಸವಿರುವ ಒಬ್ಬರು ಬೇಕು, ಅಳು ತಡೆಯದೆ ಅದು ಹೊರಟರೆ ಅವರೂ ಹೊರಡಬೇಕು. ಹತ್ತು ಹನ್ನೆರಡರ ಹುಡುಗನ ಹೆಗಲ ಮೇಲೆ ಕೈಯಿಟ್ಟು "ಇನ್ನ ನೀನ ಮನಿ ಯಜಮಾನ" ಅನ್ನುವುದನ್ನು ದಯವಿಟ್ಟು ಯಾರೂ ಮಾಡಬೇಡಿ. ಆ ಮಾತಿನಿಂದ ಶಾಲೆ ಬಿಟ್ಟು ಗುಳೆ ಹೊರಟ ಹುಡುಗರು ಈ ಕಡೆ ಪ್ರತಿ ಊರಲ್ಲೂ ಇದ್ದಾರೆ.

ಶಾಲೆಯಲ್ಲಿ: ಮಗು ಬರುವ ಮುಂಚೆ ತರಗತಿಗೆ ತಿಳಿಸಿ, ಎದ್ದು ಹೊರಗೆ ಹೋಗಲು ಬಿಡಿ, ಒಬ್ಬರೇ ಶಿಕ್ಷಕರು ಆ ಮಗುವಿನ ಹೊಣೆ ಹೊರಲಿ. ಕೆಲವು ತಿಂಗಳು ಅಂಕ ಇಳಿದರೆ ಬೈಯಬೇಡಿ.

ಕಾಲುವೆ ಸೀಮೆ

ಮೂವರಿಗೂ ಶರಣು. ಅರಳೆಯ ಮಾತು, ಎಣ್ಣೆ ಡಬ್ಬಿಯ ಮಾತು ನಾಳೆಯ ಸಭೆಯಲ್ಲಿ ಓದಿಸುತ್ತೇವೆ. ಒಂದು ಉಳಿಯಿತು. ಯಾರೂ ಮಾತಾಡಿಸಲು ಹೋಗದ ದುಃಖಗಳಿವೆ. ಹೊಟ್ಟೆಯಲ್ಲೇ ಸತ್ತ ಕೂಸು. ಸಂಬಂಧ ಇಟ್ಟುಕೊಂಡಿದ್ದ ಗಂಡಸು ಸತ್ತಾಗ ಮಣ್ಣಿಗೂ ಬಿಡದ ಮಾಜಿ ದೇವದಾಸಿ ತಾಯಂದಿರು. ಅವರಿಗೆ?

ಮನೋಸಮಾಜ

ಇದಕ್ಕೆ ಕೆನೆತ್ ಡೋಕಾ 1989ರಲ್ಲಿ ಕೊಟ್ಟ ಹೆಸರಿನ ಅರ್ಥ 'ಹಕ್ಕು ಸಿಗದ ದುಃಖ'. ನೋವು ಇದೆ, ಅಳುವ ಅಧಿಕಾರವನ್ನು ಊರು ಕೊಡುವುದಿಲ್ಲ. ಇಪ್ಪತ್ತು ವರ್ಷ ಅನ್ನ ಬಡಿಸಿದವಳನ್ನು ಆ ಮನೆಯ ಅಂಗಳಕ್ಕೆ ಬಿಡುವುದಿಲ್ಲ, ಅವಳ ಮಕ್ಕಳು ತಂದೆಗೆ ಮಣ್ಣು ಹಾಕುವಂತಿಲ್ಲ. ನೀವು ಮಾಡಬೇಕಾದ್ದು ಇಷ್ಟೇ: ಬೇರೆ ಮನೆಗೆ ಹೋದಂತೆಯೇ ಅವಳ ಮನೆಗೂ ಮೂರನೇ ದಿನ ಹೋಗಿ, ಕೂತು, ಅವನ ಹೆಸರು ಹಿಡಿದು ಮಾತಾಡಿಸಿ. ಜೊತೆಗೆ ಅಂಥದೇ ಇನ್ನೊಬ್ಬ ತಾಯಿಯನ್ನು ಕರೆದೊಯ್ಯಿರಿ. ಗೋರಿಗೆ ಹೋಗಬೇಕೆಂದರೆ ಜನ ಇಲ್ಲದ ಹೊತ್ತಿನಲ್ಲಿ ಜೊತೆ ಹೋಗಿ ಬನ್ನಿ.

ಹಾಸಿಗೆ ಪಕ್ಕ

ಸತ್ತು ಹುಟ್ಟಿದ ಕೂಸಿನ ಬಗ್ಗೆ ನಾನು ಸೇರಿಸುತ್ತೇನೆ. ತಾಯಿಗೆ ತೋರಿಸದೆ ಬಟ್ಟೆಯಲ್ಲಿ ಸುತ್ತಿ ಒಯ್ಯುವುದು ಒಳ್ಳೆಯದಕ್ಕೇ ಎಂದು ಮನೆಯವರು ನಂಬಿರುತ್ತಾರೆ. ನೀವು ತಾಯಿಯನ್ನೇ ಕೇಳಿ, ಎರಡು ಸಲ ಕೇಳಿ, ನಡುವೆ ಒಂದು ತಾಸು ಬಿಡಿ: "ಕೂಸಿನ ಮಾರಿ ನೋಡಬೇಕೇನವ್ವ?" ಬೇಡ ಅಂದರೆ ಒತ್ತಾಯವಿಲ್ಲ. ಬೇಕು ಅಂದರೆ ಒರೆಸಿ, ಬಟ್ಟೆ ಹೊದಿಸಿ, ಹೇಗೆ ಕಾಣುತ್ತದೆಂದು ಮೊದಲು ಹೇಳಿ, ಕೈಗೆ ಕೊಡಿ. ಹೆಣ್ಣೋ ಗಂಡೋ ಎಂಬುದನ್ನು ಮುಚ್ಚಿಡಬೇಡಿ.

ಯಾರೂ ಎಚ್ಚರಿಸದ ಸಂಗತಿ ಎದೆಹಾಲು. ಎರಡನೇ ಮೂರನೇ ದಿನಕ್ಕೆ ಹಾಲು ತುಂಬಿ ಬರುತ್ತದೆ, ಕೂಸಿಲ್ಲ. ತಾಯಿ ಆವತ್ತು ಕುಸಿಯುವಷ್ಟು ಹೆರಿಗೆ ದಿನವೂ ಕುಸಿದಿರುವುದಿಲ್ಲ. ಮೊದಲೇ ಹೇಳಿಡಿ. ಮೈಗೆ ಹೊಂದುವ ಒಳಉಡುಪು, ತಣ್ಣೀರ ಬಟ್ಟೆ, ನೋವಿಗೆ ಪ್ಯಾರಾಸಿಟಮಾಲ್. ತೀರ ಬಿಗಿದರೆ ನೋವು ತಗ್ಗುವಷ್ಟು ಮಾತ್ರ ಹಿಂಡಿ ತೆಗೆಯಲಿ, ಪೂರ್ತಿ ಖಾಲಿ ಮಾಡಿದರೆ ಮತ್ತೆ ತುಂಬುತ್ತದೆ. ಬಟ್ಟೆಯಿಂದ ಬಿಗಿದು ಕಟ್ಟಬೇಡಿ, ಗಡ್ಡೆ ಕಟ್ಟಿ ಬಾವಾಗುತ್ತದೆ. ಹೆರಿಗೆಯ ಮೊದಲ ದಿನವೇ ಡಾಕ್ಟರು ಹಾಲು ಬರದಂತೆ ತಡೆಯುವ ಕ್ಯಾಬರ್ಗೊಲಿನ್ 1 ಮಿಲಿಗ್ರಾಂ ಒಂದೇ ಸಲ ಕೊಡಬಹುದು, ಆದರೆ ಗರ್ಭಿಣಿಯಾಗಿದ್ದಾಗ ಬಿಪಿ ಏರಿದ್ದವರಿಗೆ ಅದು ಬೇಡ. ಬಿಪಿಯ ವಿಷಯ ತಾಯಿ ಕಾರ್ಡಿನಲ್ಲಿರುತ್ತದೆ, ಕಾರ್ಡು ಡಾಕ್ಟರ ಮುಂದಿಡಿ.

ಇನ್ನು ಆಶಾ ಭೇಟಿಗಳು. 3, 7, 14, 21, 28, 42ನೇ ದಿನದ ಮನೆ ಭೇಟಿ ಇರುವುದು ಮುಖ್ಯವಾಗಿ ಕೂಸಿಗಾಗಿ, ಹಾಗಾಗಿ ಕೂಸು ಹೋದ ಮನೆಗೆ ಯಾರೂ ಹೋಗುವುದೇ ಇಲ್ಲ. ರಕ್ತಸ್ರಾವ, ಜ್ವರ, ಹೊಲಿಗೆ, ಎದೆ ಬಾವು ಎಲ್ಲವೂ ಆ ತಾಯಿಗೂ ಅದೇ ದಿನಗಳಲ್ಲೇ ಬರುತ್ತವೆ. ಆ ಆರು ತಾರೀಖು ನಿಮ್ಮ ಡೈರಿಯಲ್ಲಿ ಹಾಗೇ ಇರಲಿ. ಹೋದಾಗ ಮೊದಲು ಹೊಲಿಗೆ ಹೇಗಿದೆ ಕೇಳಿ, ಆಮೇಲೆ ಕೂಸಿಗೆ ಏನು ಹೆಸರು ಇಡಬೇಕಂತ ಮಾಡಿದ್ದಿರಿ ಎಂದು ಕೇಳಿ.